ಗೂಡಾದ ಮೇಲೆ

ಪ್ರತಿಮಾಳಿಗೆ ಶಾಲೆಯ ನೆನಪು ಅಂದರೆ ಒಂದೇ ಒಂದು ದಿನ. ಏಳನೇ ಕ್ಲಾಸು, ಊಟದ ಬೆಲ್ಲಾದ ಮೇಲಿನ ಮೊದಲ ಪೀರಿಯಡ್ಡು, ಚಿಕ್ಕಹನುಮಯ್ಯ ಮೇಷ್ಟ್ರು. ಮಿಕ್ಕ ದಿನಗಳೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗಿದ್ದವು. ಆ ದಿನ ಮಾತ್ರ ಮೂವತ್ತು ವರ್ಷವಾದರೂ ಒಗೆದು ಮಡಿಸಿಟ್ಟ ಸೀರೆಯ ಹಾಗೆ ಇತ್ತು. ಬೇಕೆಂದಾಗ ತೆಗೆದು ನೋಡಬಹುದಿತ್ತು, ಅವಳು ನೋಡುತ್ತಲೂ ಇದ್ದಳು.

ಆವತ್ತು ಮೇಷ್ಟ್ರು ಪಾಠ ಶುರು ಮಾಡುವ ಮೊದಲೇ, "ಪುಸ್ತಕ ಮುಚ್ರಿ. ರೇಷ್ಮೆಹುಳದ ಜೀವನಚಕ್ರ ಬರೀರಿ. ಮನೇಲೇ ಸಾಕ್ತೀರಲ್ಲ, ನಿಮ್ಗೆ ಗೊತ್ತಿರೋದನ್ನ ಬರೀರಿ" ಎಂದಿದ್ದರು. ಕಬ್ಬಾಳದುರ್ಗದ ಬೆಟ್ಟ ಹಿತ್ತಲಿಗೇ ಕಾಣುವ ಆ ಊರಿನಲ್ಲಿ ಹುಳ ಸಾಕದ ಮನೆಯೇ ಇರಲಿಲ್ಲ. ಬೆಳಗ್ಗೆ ಹಿಪ್ಪುನೇರಳೆ ಸೊಪ್ಪು ಕುಯ್ದು, ಹುಳಕ್ಕೆ ಹಾಕಿ, ಆಮೇಲೆ ಮುಖ ತೊಳೆದು ಶಾಲೆಗೆ ಬರುವ ಮಕ್ಕಳು. ಪ್ರತಿಮಾ ಎಡಗೈ ಅಡ್ಡ ಇಟ್ಟು, ಪಕ್ಕದವಳಿಗೆ ಕಾಣದ ಹಾಗೆ ಬರೆದಳು. ಬಿತ್ತನೆ ಕೋಠಿಯಿಂದ ಮೊಟ್ಟೆ ಬರುತ್ತದೆ. ಮೊಟ್ಟೆಯಿಂದ ಹುಳ. ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತದೆ. ಆಮೇಲೆ ಹಣ್ಣಾಗುತ್ತದೆ. ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುತ್ತದೆ. ಗೂಡಾದ ಮೇಲೆ ರಾಮನಗರದ ಮಾರ್ಕೆಟ್ಟು. ಮಾರ್ಕೆಟ್ಟಿಂದ ಬರುವಾಗ ಅಪ್ಪ ಕೋಠಿಗೆ ಹೋಗಿ ಮೊಟ್ಟೆ ತರುತ್ತಾರೆ. ಹೀಗೆ ಚಕ್ರ ತಿರುಗುತ್ತದೆ.

ಹುಳ ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು ಸುಮ್ಮನೆ ನಿಂತು ಪೊರೆ ಕಳಚುವುದಕ್ಕೆ ಆ ಕಡೆ ಜ್ವರ ಅಂತಲೇ ಹೆಸರು. ತಿಂದು ಬೆಳೆದು ಹಣ್ಣಾದ ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆಯೇ ಚಂದ್ರಿಕೆ. ಅವಳು ಬರೆದಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಚಿಟ್ಟೆಯ ಮಾತು ಬರಲಿಲ್ಲ, ಯಾಕೆಂದರೆ ಆ ಊರಿನ ಮಕ್ಕಳು ಗೂಡಿಂದ ಚಿಟ್ಟೆ ಬರುವುದನ್ನು ಕಂಡವರೇ ಅಲ್ಲ. ಚಿಟ್ಟೆ ಗೂಡು ಕೊರೆದು ಬಂದರೆ ನೂಲು ತುಂಡಾಗುತ್ತದೆ, ಗೂಡು ಕಸಕ್ಕೆ ಸಮ. ಅದಕ್ಕೆ ಮೊದಲೇ ಮೂಟೆ ಕಟ್ಟಿ ಬಸ್ಸಿನ ಟಾಪಿಗೆ ಏರಿಸಿಬಿಡುವುದು.

ಮೇಷ್ಟ್ರು ಅವಳ ನೋಟ್‌ಬುಕ್ಕು ಓದಿದರು. ಓದುತ್ತಾ ಓದುತ್ತಾ ಅವರ ಹೊಟ್ಟೆ ಕುಲುಕತೊಡಗಿತು. ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಪಕ್ಕದ ಕೋಣೆಗೆ ಹೋಗಿ ಹೆಡ್‌ಮೇಷ್ಟ್ರನ್ನೇ ಕರೆತಂದು ತೋರಿಸಿದರು, ಅವರೂ ನಕ್ಕರು. ಚಿಕ್ಕಹನುಮಯ್ಯ ಮೇಷ್ಟ್ರು ಜೇಬಿಗೆ ಕೈ ಹಾಕಿ ಒಂದು ಪೆಪ್ಪರಮೆಂಟು ತೆಗೆದು ಪ್ರತಿಮಾಳ ಕೈಗಿಟ್ಟರು. ನಲವತ್ತೆರಡು ಮಕ್ಕಳ ಕ್ಲಾಸಿನಲ್ಲಿ ಪೆಪ್ಪರಮೆಂಟು ಸಿಕ್ಕಿದ್ದು ಅವಳೊಬ್ಬಳಿಗೆ. ಹೆಡ್‌ಮೇಷ್ಟ್ರು ಬಂದು ಓದುವಂಥ ಉತ್ತರ ಬರೆದವಳು ಆ ಶಾಲೆಯಲ್ಲಿ ಇನ್ಯಾರಿದ್ದರು?

ಎಸ್ಸೆಸ್ಸೆಲ್ಸಿ ಮುಗಿದು, ಮದುವೆಯಾಗಿ, ಅದೇ ಊರಿನ ಇನ್ನೊಂದು ಬೀದಿಯ ದೇವರಾಜುವಿನ ಮನೆಗೆ ಬಂದು, ಅಲ್ಲಿಯೂ ಅದೇ ಹುಳ, ಅದೇ ಸೊಪ್ಪು. ಬೆಳೆ ಕೈಕೊಟ್ಟಾಗ, ಅತ್ತೆ ನಾಗಲಕ್ಷ್ಮಮ್ಮ "ನಿಂಗೇನ್ ಗೊತ್ತಾದದು, ಸುಮ್ಕಿರು" ಎಂದು ಬಾಯಿ ಮುಚ್ಚಿಸಿದಾಗ, ಪ್ರತಿಮಾ ಮನಸ್ಸಿನಲ್ಲೇ ಆ ದಿನಕ್ಕೆ ಹೋಗಿ ಒಂದು ಗಳಿಗೆ ಕೂತು ಬರುತ್ತಿದ್ದಳು. ಮಗಳು ರಮ್ಯಾ ಓದಲು ಕೂತಾಗಲಂತೂ ಆ ಕತೆಯನ್ನು ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. "ನಿಮ್ಮಮ್ಮ ಬರ್ದಿದ್ನ ನೋಡಕ್ಕೆ ಹೆಡ್‌ಮೇಷ್ಟ್ರೇ ಎದ್ ಬಂದಿದ್ರು, ಗೊತ್ತಾ?" ರಮ್ಯಾ ಪುಟ್ಟವಳಿದ್ದಾಗ ಬಾಯಿ ಬಿಟ್ಟು ಕೇಳುತ್ತಿದ್ದಳು. ಒಂಬತ್ತನೇ ಕ್ಲಾಸಿಗೆ ಬಂದ ಮೇಲೆ, "ಪೆಪ್ಪರಮೆಂಟೂ ಕೊಟ್ಟಿದ್ರು, ಗೊತ್ತು ಬುಡಮ್ಮ" ಎಂದು ಮುಗಿಸಿಬಿಡುತ್ತಿದ್ದಳು.

ಈಗಿನ ಮಕ್ಕಳಿಗೆ ಮೇಷ್ಟ್ರುಗಳು ಫೋನಿನೊಳಗೂ ಇರುತ್ತಾರೆ. ರಮ್ಯಾಳ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಸೈನ್ಸ್ ಮಿಸ್ಸು 'ವಿಜ್ಞಾನ ಪಡಸಾಲೆ' ಎಂಬ ವೆಬ್‌ಸೈಟಿನ ಲಿಂಕು ಹಾಕಿದ್ದರು. ಎಲ್ಲ ಕನ್ನಡದಲ್ಲಿ, ಎಲ್ಲ ಪುಕ್ಕಟೆ. ತೆರೆದ ಕೂಡಲೇ ಮೂರು ಬಾಗಿಲಿನ ಚಿತ್ರ ಕಾಣುತ್ತಿತ್ತು: ಮಕ್ಕಳಿಗೆ, ಶಿಕ್ಷಕರಿಗೆ, ಎಲ್ಲರಿಗೆ. ಮೂರನೆಯ ಬಾಗಿಲಿಂದ ಪ್ರತಿಮಾಳೂ ಒಳಗೆ ಹೋಗುವುದನ್ನು ಕಲಿತಿದ್ದಳು. ಸೊಪ್ಪು ಹೆಚ್ಚುವಾಗ ಫೋನನ್ನು ಗೋಡೆಗೆ ಒರಗಿಸಿಟ್ಟು, ಗುಡುಗಿಗಿಂತ ಮಿಂಚು ಯಾಕೆ ಮೊದಲು, ಹಾಲು ಯಾಕೆ ಉಕ್ಕುತ್ತದೆ, ಇಂಥವನ್ನೆಲ್ಲ ನೋಡುತ್ತಿದ್ದಳು. ನೋಡಿದ್ದನ್ನು ಅತ್ತೆಗೆ ಹೇಳಲು ಹೋಗಿ, "ಉಕ್ಕಿದ್ ಮೇಲೆ ಯಾಕೆ ಅಂತ ತಿಳ್ಕಂಡ್ ಏನ್ ಮಾಡೀಯೆ, ಒಲೆ ಆರ್ಸು" ಅಂತ ಬೈಸಿಕೊಂಡೂ ಇದ್ದಳು.

ಹುಳ ಹಣ್ಣಾಗಿ ಚಂದ್ರಿಕೆಗೆ ಬಿಟ್ಟ ದಿನ ಸಂಜೆ ರಮ್ಯಾ ಕೂಗಿದಳು. "ಅಮ್ಮ, ಬಾ ಇಲ್ಲಿ! ನಿಮ್ ಮೇಷ್ಟ್ರು ಬತ್ತಾವ್ರೆ ಫೋನ್ನಲ್ಲಿ! ಚಿಕ್ಕಹನುಮಯ್ಯ ಅಂತ ಹೆಸರು ಹಾಕವ್ರೆ!"

ಪ್ರತಿಮಾ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಓಡಿ ಬಂದಳು. ಹೌದು, ಅವರೇ. ತಲೆ ಪೂರ್ತಿ ಬೆಳ್ಳಗಾಗಿತ್ತು, ಕೆನ್ನೆ ಇಳಿದಿತ್ತು, ದನಿ ಮಾತ್ರ ಕಿಂಚಿತ್ತೂ ಬದಲಾಗಿರಲಿಲ್ಲ. ಕ್ಲಾಸಿನ ಕೊನೆಯ ಬೆಂಚಿಗೂ ತಲುಪುತ್ತಿದ್ದ, ಅವರ ಹುಟ್ಟೂರು ಸೋಲೂರಿನ ಅದೇ ದನಿ. ಅದು ಕಿವಿಗೆ ಬಿದ್ದದ್ದೇ ಅವಳಿಗೆ ಸುಣ್ಣದ ಗೋಡೆ, ಕಿಟಕಿಯಾಚೆಯ ಹುಣಸೆಮರ, ಮೇಷ್ಟ್ರು ಎರಡು ನಿಂಬೆಹಣ್ಣು ಹಿಡಿದು ಗ್ರಹಣ ತೋರಿಸಿದ್ದು, ಎಲ್ಲವೂ ಒಟ್ಟಿಗೆ ನುಗ್ಗಿ ಬಂದವು. "ನೋಡು, ನೋಡು, ಹಿಂಗೇಯ ಪಾಠ ಮಾಡೋರು" ಎಂದು ಮಗಳ ಭುಜ ಹಿಡಿದುಕೊಂಡಳು.

ರಮ್ಯಾ ಕುತೂಹಲಕ್ಕೆ ಶಿಕ್ಷಕರ ಬಾಗಿಲಿನಿಂದ ಒಳಗೆ ಹೋಗಿದ್ದಳು. ಪಾಠದ ಹೆಸರು 'ಮಕ್ಕಳು ಮಾಡುವ ತಪ್ಪುಗಳು'.

"ಕೆಲವು ಸಲ ಮಕ್ಕಳ ಉತ್ತರ ಓದಿದರೆ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತೆ" ಎಂದರು ಫೋನಿನೊಳಗಿನ ಮೇಷ್ಟ್ರು. "ಕಬ್ಬಾಳಿನ ಹತ್ತಿರ ಒಂದೂರಲ್ಲಿದ್ದೆ. ಪ್ರತಿಮಾ ಅಂತ ಒಂದು ಹುಡುಗಿ. ರೇಷ್ಮೆಹುಳದ ಜೀವನಚಕ್ರ ಬರಿಯಮ್ಮ ಅಂದ್ರೆ ಏನು ಬರೆದಳು ಗೊತ್ತಾ? ಗೂಡಾದ ಮೇಲೆ ರಾಮನಗರದ ಮಾರ್ಕೆಟ್ಟು! ಪ್ಯೂಪಾ ಇಲ್ಲ, ಚಿಟ್ಟೆ ಇಲ್ಲ. ಚಿಟ್ಟೆ ಜಾಗದಲ್ಲಿ ಮಾರ್ಕೆಟ್ಟು!" ಹೊಟ್ಟೆ ಕುಲುಕಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಪಾಪ. ಮನೇಲಿ ಹುಳ ಸಾಕಿದ ಮಾತ್ರಕ್ಕೆ ವಿಜ್ಞಾನ ಬಂದುಬಿಡೋದಿಲ್ಲ. ಮೂವತ್ತು ವರ್ಷದಿಂದ ಎಲ್ಲ ತರಬೇತೀಲೂ ಇದನ್ನ ಹೇಳ್ತಾ ಬಂದಿದೀನಿ. ನಗದೇ ಇದ್ದ ಮೇಷ್ಟ್ರನ್ನ ನಾನು ಕಂಡಿಲ್ಲ."

ಕೆಳಗೆ ಸಾಲುಸಾಲಾಗಿ ನಗುವ ಮುಖಗಳು. ಯಾರೋ ಪುಣ್ಯಾತ್ಮರು ಬರೆದಿದ್ದರು: 'ಆ ಹುಡುಗಿ ಈಗಲೂ ಮಾರ್ಕೆಟ್ಟಿನಲ್ಲೇ ಇರಬೇಕು ಸಾರ್.'

ರಮ್ಯಾ ಫೋನನ್ನು ಬೋರಲು ಹಾಕಿದಳು. ಅಮ್ಮನ ಮುಖ ನೋಡುವ ಧೈರ್ಯ ಅವಳಿಗೆ ಬರಲಿಲ್ಲ. "ನಾನ್ ಕೆಳಗೆ ಬರೀತೀನಮ್ಮ, ಸರ್ಯಾಗಿ ಬಯ್ದು ಬರೀತೀನಿ" ಎಂದಳು.

"ಬ್ಯಾಡ. ಅವ್ರು ನಮ್ ಮೇಷ್ಟ್ರು" ಎಂದಳು ಪ್ರತಿಮಾ. ಎದ್ದು ಹುಳದ ಮನೆಗೆ ಹೋಗಿ ಚಂದ್ರಿಕೆಗಳ ನಡುವೆ ನಿಂತುಕೊಂಡಳು. ಸಾವಿರಾರು ಹುಳ ತಲೆ ಆಡಿಸುತ್ತಾ ನೂಲು ಬಿಡುತ್ತಿದ್ದವು. ಅವಳಿಗೆ ಅವಮಾನ ಆಗಿತ್ತು, ಅದು ಸರಿ. ಆದರೆ ಅವಮಾನವನ್ನು ನುಂಗಿ ಅವಳಿಗೆ ಅಭ್ಯಾಸವಿತ್ತು. ತಡೆಯಲಾಗದ ಸಂಕಟ ಬೇರೆಯೇ. ತನ್ನದು ಅಂತ ಇದ್ದದ್ದು ಒಂದು ದಿನ. ಅದನ್ನೂ ಬೇರೆಯವರು ನಗಲು ಇಟ್ಟುಕೊಂಡಿದ್ದರು, ತಾನೇ ದಡ್ಡಿಯ ಹಾಗೆ ಅದನ್ನು ಬಹುಮಾನ ಅಂದುಕೊಂಡು ಮಗಳಿಗೂ ಹಂಚಿದ್ದಳು. ಆ ದಿನ ನಿಜವಾಗಿ ತನ್ನದಾಗಿತ್ತೋ ಇಲ್ಲವೋ, ಅದನ್ನು ಹೇಳಬಲ್ಲವರು ಒಬ್ಬರೇ.

ಆರನೇ ದಿನ ಗೂಡು ಬಿಡಿಸಿ ರಾಮನಗರಕ್ಕೆ ಹೊರಡುವಾಗ, "ನಾನೂ ಬತ್ತೀನಿ" ಎಂದು ಗಾಡಿ ಹತ್ತಿ ಕೂತಳು. ದೇವರಾಜು ಹುಬ್ಬು ಹಾರಿಸಿದ, ಯಾಕೆ ಅಂತ ಕೇಳಲಿಲ್ಲ. ಪಾಠದ ಕೆಳಗೆ, ಶಿಕ್ಷಕರು ಸಂದೇಹವಿದ್ದರೆ ಕೇಳಲಿ ಅಂತ, ಮೇಷ್ಟ್ರ ವಿಳಾಸ ರಾಮನಗರದ ಐಜೂರು ಅಂತ ಹಾಕಿ, ಫೋನ್ ನಂಬರೂ ಕೊಟ್ಟಿದ್ದರು. ಅವಳದೂ ಒಂದು ಸಂದೇಹವೇ ತಾನೆ. ಮಾರ್ಕೆಟ್ಟಿನಲ್ಲಿ ಗೂಡನ್ನು ಗಂಡನಿಗೆ ಒಪ್ಪಿಸಿ, ನಂಬರಿಗೆ ಫೋನು ಮಾಡಿ, ಐಜೂರಿನ ದಾರಿ ಕೇಳಿಕೊಂಡು ಹೋದಳು.

ಮೇಷ್ಟ್ರು ಗೇಟಿನಲ್ಲೇ ಕಾಯುತ್ತಿದ್ದರು. ಹಳೇ ವಿದ್ಯಾರ್ಥಿನಿ ಅಂತಷ್ಟೇ ಹೇಳಿದ್ದಳು, ಹೆಸರು ಹೇಳಿರಲಿಲ್ಲ. "ಬಾರಮ್ಮ, ಬಾ. ಯಾವ ಬ್ಯಾಚು? ಕಬ್ಬಾಳ್ ಕಡೆದಾ? ಕಾವೇರಿ, ಕಾಫಿ ಇಡು, ನಮ್ ಹುಡುಗಿ ಬಂದವ್ಳೆ!" ಎಂದು ಸಂಭ್ರಮಪಟ್ಟರು. ಹೆಂಡತಿ ಕಾವೇರಮ್ಮ ಕಾಫಿ ತಂದಿಟ್ಟರು. ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ಮೇಲೆ 'ಪಡಸಾಲೆ'ಯ ಮೂರು ಬಾಗಿಲು. "ರಿಟೈರ್ ಆದ್ಮೇಲೆ ಗೋಡೆ ನೋಡ್ಕಂಡ್ ಕೂತಿದ್ದೆ ಕಣಮ್ಮ. ಈಗ ಬೀದರಿಂದ ಒಬ್ಬ ಮೇಷ್ಟ್ರು ಫೋನ್ ಮಾಡ್ತಾನೆ, ನಿಮ್ ಪಾಠ ನೋಡ್ದೆ ಅಂತ. ಜೀವ ಬಂದಂಗೈತೆ."

ಅಷ್ಟು ಖುಷಿಯಲ್ಲಿದ್ದವರ ಮುಂದೆ ಮಾತು ತೆಗೆಯುವುದು ಪ್ರತಿಮಾಳಿಗೆ ಕಷ್ಟವೇ ಆಯಿತು. ಅರ್ಧ ಲೋಟ ಕಾಫಿ ಕುಡಿದು, ಮಿಕ್ಕದ್ದನ್ನು ಕೆಳಗಿಟ್ಟು ಹೇಳಿದಳು. "ಸಾರ್, ನಾನು ಪ್ರತಿಮಾ. ಮಾರ್ಕೆಟ್ಟು ಅಂತ ಬರ್ದೋಳು."

ಮೇಷ್ಟ್ರ ನಗು ಮುಖದ ಮೇಲೆ ಹಾಗೇ ನಿಂತುಬಿಟ್ಟಿತು, ತೆಗೆಯಲು ಮರೆತವರ ಹಾಗೆ.

"ನನ್ ಮಗಳ ಫೋನ್ನಲ್ಲಿ ನೋಡ್ದೆ ಸಾರ್. ಅವ್ಳಿಗೆ ನಾನ್ ಬೇರೆ ಥರ ಹೇಳಿದ್ದೆ. ನೀವು ಮೆಚ್ಕಂಡು ನಕ್ಕುದ್ರಿ, ಮೆಚ್ಕಂಡೇ ಪೆಪ್ಪರಮೆಂಟ್ ಕೊಟ್ರಿ ಅಂತ. ಮೂವತ್ತೊರ್ಸ ಹಂಗೇ ಅನ್ಕಂಡಿದ್ದೆ. ಅದ್ನ ಕೇಳವ ಅಂತ ಬಂದೆ. ಆವತ್ತು ನೀವು ನಕ್ಕಿದ್ದು ಯಾಕೆ ಸಾರ್?"

ಕಾವೇರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದರು. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸುಳ್ಳು ಹೇಳಿಬಿಡಬಹುದಿತ್ತು. ಮೆಚ್ಚಿಯೇ ನಕ್ಕಿದ್ದು ಕಣಮ್ಮ ಅಂದಿದ್ದರೆ ಅವಳು ನಂಬಿ, ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋಗುತ್ತಿದ್ದಳು. ಆದರೆ ಆ ಮನುಷ್ಯನಿಗೆ ಮಕ್ಕಳ ಮುಂದೆ ಸುಳ್ಳು ಹೇಳಿ ರೂಢಿ ಇರಲಿಲ್ಲ, ಅಷ್ಟರ ಮಟ್ಟಿಗೆ ದೊಡ್ಡವರು.

"ನಂಗೇ ನೆನಪಿಲ್ಲ ತಾಯಿ" ಎಂದರು. "ಮೆಚ್ಕಂಡ್ ನಕ್ಕೆನೋ, ಆಡ್ಕಂಡ್ ನಕ್ಕೆನೋ. ಮೆಚ್ಕಂಡಿದ್ರೆ ನನ್ ಪುಣ್ಯ. ಆದ್ರೆ ಆಮೇಲೆ ಊರೂರಲ್ಲಿ ಹೇಳಿದ್ನಲ್ಲ, ಅದು ಆಡ್ಕಳಕ್ಕೇಯ. ಜನ ನಗೋರು, ನಂಗೆ ಚಟ ಆಗೋಯ್ತು. ಹೆಸರು ಹೇಳಿದ್ರೆ ನಿಜ ಅನ್ಸುತ್ತೆ ಅಂತ ಹೆಸರೂ ಹೇಳ್ತಿದ್ದೆ. ನೀನು ಎಲ್ಲೋ ಒಂದ್ಕಡೆ ಇದ್ದೀಯ, ಕೇಳಿಸ್ಕತೀಯ ಅಂತ ಒಂದ್ಸಲನೂ ಹೊಳೀಲಿಲ್ಲ."

ಪ್ರತಿಮಾಳ ಕಣ್ಣಲ್ಲಿ ನೀರು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಅವರ ಎದುರು ಅವಳಿಗೆ ಸಿಟ್ಟು ಬಂದದ್ದು ಜನ್ಮದಲ್ಲಿ ಅದೇ ಮೊದಲು. "ಚಿಟ್ಟೆ ಬರೀಲಿಲ್ಲ ಅಂತ ನಕ್ರಲ್ಲ ಸಾರ್. ನೀವ್ ನೋಡಿದ್ರಾ, ಚಿಟ್ಟೆ ಗೂಡಿಂದ ಆಚೆ ಬರೋದ್ನ?"

ಮೇಷ್ಟ್ರು ತಲೆ ಎತ್ತಿದರು. "ಇಲ್ಲ" ಎಂದರು. ತಮಗೇ ಆಶ್ಚರ್ಯವಾದವರ ಹಾಗೆ ಇನ್ನೊಂದು ಸಲ, "ಇಲ್ಲ ಕಣಮ್ಮ. ನಮ್ದು ಸೋಲೂರು, ತೆಂಗು, ಹಸು, ಅಷ್ಟೇ. ನಮ್ಮನೇಲಿ ಹುಳ ಇರ್ಲಿಲ್ಲ. ನಿಮ್ಮೂರಲ್ಲಿ ನಾಕ್ ಗೂಡು ಕೊಡ್ರಪ್ಪ, ಸ್ಕೂಲಲ್ಲಿ ಇಟ್ಟು ಮಕ್ಕಳಿಗೆ ತೋರ್ಸ್ತೀನಿ ಅಂದ್ರೆ, ಗೂಡು ತೂತಾಗೋದು ಒಳ್ಳೇದಲ್ಲ ಅಂತ ಯಾರೂ ಕೊಡ್ಲಿಲ್ಲ. ಪುಸ್ತಕದಲ್ಲಿದ್ದ ಚಿತ್ರ ನೋಡಿ ಬೋರ್ಡ್ ಮೇಲೆ ಬರೀತಿದ್ದೆ. ಮೂವತ್ನಾಲ್ಕು ವರ್ಷ ಬರ್ದೆ."

ಪ್ರತಿಮಾ ಎದ್ದಳು. ಹೊರಡುವಾಗ ಮೇಷ್ಟ್ರು ಗೇಟಿನವರೆಗೂ ಬಂದರು. "ಆ ಪಾಠ ತೆಗ್ಸ್ತೀನಿ, ಇವತ್ತೇ ಹೇಳ್ತೀನಿ ಅವ್ರಿಗೆ. ಆದ್ರೆ ಆ ಜಾಗಕ್ಕೆ ಏನ್ ಹಾಕ್ಬೇಕು ಅಂತ ನಂಗ್ ತಿಳೀದು" ಎಂದರು. ಅವಳು ಚಪ್ಪಲಿ ಮೆಟ್ಟಿಕೊಂಡಳು.

ಎರಡು ದಿನಕ್ಕೆ ರಮ್ಯಾ ತೆರೆದು ತೋರಿಸಿದಳು. ಮೇಷ್ಟ್ರು ಇರಲಿಲ್ಲ. ಬಿಳಿ ಹಾಳೆಯ ಮೇಲೆ 'ಈ ಪಾಠವನ್ನು ತಿದ್ದಲಾಗುತ್ತಿದೆ' ಎಂದಷ್ಟೇ ಇತ್ತು. ಗೆದ್ದ ಹಾಗಾಗಬೇಕಿತ್ತು, ಆಗಲಿಲ್ಲ. ಆ ದನಿಯನ್ನು ತಾನೇ ಹೊರಗೆ ಕಳಿಸಿದ ಹಾಗಾಯಿತು. ಇನ್ನು ಆ ದಿನವನ್ನು ನೆನೆಸಿಕೊಂಡರೆ ಸಿಹಿಯೂ ಇಲ್ಲ, ಕಹಿಯೂ ಇಲ್ಲ, ಮೇಷ್ಟ್ರ 'ನೆನಪಿಲ್ಲ' ಅನ್ನುವ ಮಾತೊಂದೇ ಉಳಿದಿತ್ತು.

ಅದೇ ದಿನ ಚಂದ್ರಿಕೆ ತೊಳೆಯಲು ತೆಗೆದಾಗ, ಮೂಲೆಗಳಲ್ಲಿ ಸಿಕ್ಕಿಕೊಂಡಿದ್ದ ಹನ್ನೊಂದು ಗೂಡು ಸಿಕ್ಕವು. ಹೀಗೆ ಉಳಿದವನ್ನು ಪ್ರತಿಸಲ ಕಸದ ಗೂಡಿನ ಚೀಲಕ್ಕೆ ಹಾಕಿ ವ್ಯಾಪಾರಿಗೆ ಕೊಟ್ಟುಬಿಡುವುದು. ವರ್ಷಕ್ಕೊಂದು ಸಲ, ಯಾರ ಕಣ್ಣಿಗೂ ಬೀಳದೆ ಹೊರಬಂದ ಚಿಟ್ಟೆಯೊಂದು ಗೋಡೆಗೆ ಅಂಟಿ ಸತ್ತಿರುವುದೂ ಉಂಟು, ಅದನ್ನು ಗುಡಿಸುವುದು. ಪ್ರತಿಮಾ ಈ ಸಲ ಹನ್ನೊಂದನ್ನೂ ಮೊರದಲ್ಲಿ ಹರಡಿ, ಮೇಲೊಂದು ತೆಳು ಬಟ್ಟೆ ಮುಚ್ಚಿ, ನಡುಮನೆಯಲ್ಲೇ ಇಟ್ಟಳು.

"ಏನವ್ವ ಇದು? ಮಾಲು ಹೋದ್ಮೇಕೆ ಮನೇಲಿ ಗೂಡು ಉಳೀಬಾರ್ದು ಅಂತ ಗೊತ್ತಿಲ್ವಾ? ತೂತು ಬಿದ್ರೆ ಮುಂದ್ಲ ಬೆಳೆ ಕೆಡ್ತದೆ" ಎಂದರು ನಾಗಲಕ್ಷ್ಮಮ್ಮ.

"ಕೆಟ್ರೆ ನನ್ ಮ್ಯಾಲೆ ಹಾಕಿ ಅತ್ತೆ" ಎಂದಳು ಪ್ರತಿಮಾ. ಅತ್ತೆ ಅವಳ ಮುಖ ನೋಡಿ, ಕಬ್ಬಾಳಮ್ಮನಿಗೆ ಕೈಮುಗಿದು, ಮೊರವನ್ನು ದಾಟದ ಹಾಗೆ ಸುತ್ತಿ ನಡೆಯತೊಡಗಿದರು.

ಏಳನೇ ದಿನ ಬೆಳಗ್ಗೆ, ಬಾಗಿಲಿಗೆ ನೀರು ಹಾಕಿ ಒಳಗೆ ಬಂದವಳಿಗೆ ಬಟ್ಟೆಯ ಕೆಳಗೆ ಏನೋ ಸರಪರ ಅಂದದ್ದು ಕೇಳಿತು. ಬಟ್ಟೆ ಸರಿಸಿದಳು. ಒಂದು ಗೂಡಿನ ತುದಿ ಒದ್ದೆಯಾಗಿ, ಮಾಸಲು ಕಂದು ಬಣ್ಣಕ್ಕೆ ತಿರುಗಿತ್ತು. ನೋಡುತ್ತಿದ್ದ ಹಾಗೇ ಆ ಒದ್ದೆ ಜಾಗ ಸಡಿಲವಾಯಿತು, ಒಳಗಿನಿಂದ ಒಂದು ಪುಟ್ಟ ಬಿಳಿ ತಲೆ ಬಂತು. ಆಮೇಲೆ ಎರಡು ಕಾಲು. ನಿಂತಿತು, ಸುಧಾರಿಸಿಕೊಂಡಿತು, ಮತ್ತೆ ತಳ್ಳಿತು. ಪ್ರತಿಮಾ ಮೊರದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಅವಳ ಕೈಯಲ್ಲಿ ಲಕ್ಷಾಂತರ ಹುಳ ಬೆಳೆದಿದ್ದವು. ಹುಳದ ಹಸಿವು, ಜ್ವರ, ಮೈಯ ಬಿಸಿ ಎಲ್ಲವನ್ನೂ ಮುಟ್ಟಿಯೇ ಹೇಳಬಲ್ಲವಳು. ಅವು ಯಾತಕ್ಕೆ ಇಷ್ಟೆಲ್ಲ ಪಡುತ್ತಿದ್ದವು ಅನ್ನುವುದನ್ನು ಈಗ ನೋಡುತ್ತಿದ್ದಳು. ಅಳು ಬಂತು, ಅತ್ತಳು.

"ರಮ್ಯಾ! ಫೋನ್ ತತ್ತಾ! ಮೇಷ್ಟ್ರಿಗೆ ಹಾಕು, ಮುಖ ಕಾಣೋ ಥರದ್ದು!"

ರಮ್ಯಾ ನಿದ್ದೆಗಣ್ಣಲ್ಲೇ ಓಡಿ ಬಂದು ವಿಡಿಯೋ ಕಾಲ್ ಹಾಕಿದಳು. ಕೆದರಿದ ತಲೆಯ ಚಿಕ್ಕಹನುಮಯ್ಯ ಮೇಷ್ಟ್ರು ಕನ್ನಡಕ ಹುಡುಕಿ ಹಾಕಿಕೊಂಡರು. ಪ್ರತಿಮಾ ನಮಸ್ಕಾರವನ್ನೂ ಹೇಳದೆ ಫೋನನ್ನು ಮೊರದ ಕಡೆ ತಿರುಗಿಸಿದಳು. ಅಷ್ಟರಲ್ಲಿ ಚಿಟ್ಟೆ ಪೂರ್ತಿ ಹೊರಗೆ ಬಂದಿತ್ತು. ಮುದುರಿದ ರೆಕ್ಕೆ ಒದ್ದೆ ಬಟ್ಟೆ ಒಣಗಿದ ಹಾಗೆ ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ಪಕ್ಕದಲ್ಲಿ ಇನ್ನೆರಡು ಗೂಡುಗಳ ತುದಿಗಳು ಒದ್ದೆಯಾಗುತ್ತಿದ್ದವು. ಪ್ರತಿಮಾ ಫೋನನ್ನು ಮಗಳ ಕೈಗಿಟ್ಟು ಒಂದು ಸೊಪ್ಪಿನೆಲೆಯನ್ನು ಅದರ ಮುಂದಿಟ್ಟಳು, ಚಿಟ್ಟೆ ಬರೀ ರೆಕ್ಕೆ ಬಡಿಯಿತು.

ಆ ಕಡೆಯಿಂದ ಒಂದು ಮಾತೂ ಬರಲಿಲ್ಲ. ಫೋನು ಕಟ್ಟಾಯಿತೇನೋ ಅಂತ ರಮ್ಯಾ ಇಣುಕಿ ನೋಡಿದಳು. ಮೇಷ್ಟ್ರು ಇದ್ದರು. ಬಾಯಿ ಸ್ವಲ್ಪ ತೆರೆದಿತ್ತು.

"ಅದ್ಯಾಕಮ್ಮ ರೆಕ್ಕೆ ಬಡಿತದೆ, ಹಾರಲ್ವಲ್ಲ?" ಎಂದರು ಕೊನೆಗೆ, ಬಹಳ ಸಣ್ಣ ದನಿಯಲ್ಲಿ.

"ಹಾರಕ್ಕಾಗಕಿಲ್ಲ ಅನ್ಸುತ್ತೆ ಸಾರ್. ಮೈ ಭಾರ. ಇದು ಹೆಣ್ಣಿರ್ಬೇಕು, ಹೊಟ್ಟೆ ದಪ್ಪ ಐತೆ. ಸೊಪ್ಪು ಇಟ್ಟೆ, ಮೂಸೂ ನೋಡ್ಲಿಲ್ಲ."

"ಆ ಗೂಡ್ನ ಹೆಂಗೆ ಒಡೀತು? ಹಲ್ಲಿಲ್ವಲ್ಲ ಅದಕ್ಕೆ?"

"ಒಡೀಲಿಲ್ಲ ಸಾರ್, ನೆನೆಸ್ಕತು. ಮೊದ್ಲು ಒಳಗಿಂದ ಏನೋ ನೀರು ಬುಡ್ತು, ಆಮೇಲೆ ನೂಲು ಸಡ್ಲ ಆಯ್ತು, ಆಮೇಲೆ ತಲೇಲಿ ತಳ್ತು. ನಾನ್ ಕುಂತ್ ನೋಡ್ದೆ."

"ಎಷ್ಟೊತ್ತಾಯ್ತು? ಮೊದ್ಲು ತಲೆ ಬಂತಾ, ಕಾಲು ಬಂತಾ?"

ಮೊರದಿಂದ ಮಾರು ದೂರದಲ್ಲಿ ನಾಗಲಕ್ಷ್ಮಮ್ಮ ಬಂದು ನಿಂತಿದ್ದರು, ಕತ್ತು ಚಾಚಿ. ಪ್ರತಿಮಾ ಕಣ್ಣೊರೆಸಿಕೊಂಡು ಹೇಳಲು ಬಾಯಿ ತೆರೆದಳು.

"ತಡಿ ತಡಿ, ಒಸಿ ತಡಿ ತಾಯಿ" ಎಂದರು ಮೇಷ್ಟ್ರು. ಫೋನಿನಲ್ಲಿ ಅವರ ಮುಖ ಮರೆಯಾಗಿ ಬರೀ ಗೋಡೆ ಕಂಡಿತು, ಮೇಜಿನ ಡ್ರಾಯರು ಎಳೆದ ಸದ್ದು ಕೇಳಿತು. "ಪೆನ್ ತಗತೀನಿ. ಮೊದ್ಲಿಂದ ಹೇಳು, ನಿಧಾನಕ್ಕೆ. ನಾನ್ ಬರ್ಕಬೇಕು."